ವಿಸ್ಮಯವಿಲ್ಲದ ಅದ್ಭುತ: ‘10,000 ಬಿ.ಸಿ.’ ಚಲನಚಿತ್ರವನ್ನು ಕುರಿತು

ರೋಲ್ಯಾಂಡ್ ಎಮರಿಕ್ ನಿರ್ದೇಶಿಸಿ 2008ರಲ್ಲಿ ತೆರೆಗೆ ತಂದ ‘10,000 ಬಿ.ಸಿ.’ ಚಿತ್ರದ ಮೊದಲ ಭಾಗದಲ್ಲಿ ಒಂದು ಬೇಟೆಯ ಪ್ರಸಂಗವಿದೆ. ಹಿಮಪರ್ವತದ ತಪ್ಪಲಿನ ಬುಡಕಟ್ಟೊಂದು ಮ್ಯಾಮತ್‌ಗಳ ಹಿಂಡಿನ ಮೇಲೆ ಬೀಳುತ್ತದೆ. ಡಲೇ ಎಂಬ ತರುಣ ಬಲೆಗೆ ಸಿಲುಕಿ, ದೈತ್ಯಪ್ರಾಣಿಯ ಹಿಂದೆ ಎಳೆಯಲ್ಪಡುತ್ತಾನೆ. ಕೊನೆಗೆ ಆ ಪ್ರಾಣಿ ತಾನಾಗಿಯೇ ಭರ್ಜಿಯ ಮೇಲೆ ನುಗ್ಗಿ ಸಾಯುತ್ತದೆ. ಕುಲದವರ ಕಣ್ಣಿಗೆ ಅದು ಪರಾಕ್ರಮ. ಆಕಸ್ಮಿಕವೆಂದು ಬಲ್ಲವನು ಡಲೇ ಒಬ್ಬನೇ. ಬೇಟೆಗಾರರ ನಾಯಕತ್ವದ ಕುರುಹಾದ ಬಿಳಿಯ ಭರ್ಜಿಯೂ ಮೆಚ್ಚಿದ ಹೆಣ್ಣಾದ ಎವೊಲೆಟ್ಟಳೂ ಅವನಿಗೆ ಸಲ್ಲುತ್ತಾರೆ. ತನ್ನದಲ್ಲದ ಕೀರ್ತಿಯನ್ನು ಹೊರಲಾರದೆ ಅವನು ಭರ್ಜಿಯನ್ನು ಹಿಂದಿರುಗಿಸುತ್ತಾನೆ. ಅದರೊಡನೆ ಅವಳನ್ನೂ ಬಿಟ್ಟುಕೊಡುತ್ತಾನೆ.

ಒಳ್ಳೆಯ ಕಥೆಗಾರನೊಬ್ಬನಿಗೆ ಇಷ್ಟು ಸಾಕಾಗಿತ್ತು. ಸುಳ್ಳು ಯಶಸ್ಸಿನ ಅಳುಕು ಯಾವ ಯುಗದ ಮನುಷ್ಯನಿಗೂ ಅರ್ಥವಾಗುವ ಸಂಕಟ. ಆದರೆ ಅಷ್ಟರಲ್ಲಿ ಕುದುರೆ ಸವಾರರು ಬಂದು ಎವೊಲೆಟ್ಟಳನ್ನು ಹೊತ್ತೊಯ್ಯುತ್ತಾರೆ. ಅಲ್ಲಿಂದ ಮುಂದೆ ಚಿತ್ರ ಓಡುವುದನ್ನು ಬಲ್ಲುದೇ ಹೊರತು ನಿಂತು ನೋಡುವುದನ್ನು ಅರಿಯದು. ಹಿಮ ಮುಗಿದೊಡನೆ ದಟ್ಟ ಕಾಡು, ಕಾಡು ಮುಗಿದೊಡನೆ ಮರಳುಗಾಡು, ಅದರಾಚೆ ಮ್ಯಾಮತ್‌ಗಳಿಂದ ಕಲ್ಲೆಳೆಸಿ ಪಿರಮಿಡ್ಡು ಕಟ್ಟಿಸುವ ದೇವರಾಜ. ನಾಯಕನ ಅಳುಕಿಗೆ ಉತ್ತರ ಹುಡುಕುವ ಹೊರೆಯನ್ನು ಭವಿಷ್ಯವಾಣಿಯೊಂದು ಇಳಿಸಿಬಿಡುತ್ತದೆ. ಅವನು ವೀರನಾಗುವುದು ಮೊದಲೇ ನಿಶ್ಚಯವಾಗಿದ್ದ ಮೇಲೆ ಕಳವಳಕ್ಕೆ ಎಡೆಯೆಲ್ಲಿ? (ಡಲೇ ಎಂಬ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ವೀರ ಎಂಬರ್ಥದ ಜರ್ಮನ್ ಪದ ದೊರೆಯುತ್ತದೆ. ಪಾತ್ರಕ್ಕೆ ದೊರೆತ ಆಳವೂ ಹೆಚ್ಚುಕಡಿಮೆ ಅಷ್ಟೇ.)

ಗೀಜಾದ ಪಿರಮಿಡ್ಡುಗಳು ಕಥೆಯ ಕಾಲಕ್ಕಿಂತ ಸುಮಾರು 7,000 ವರ್ಷ ಈಚಿನವು, ಅಮೆರಿಕ ಖಂಡಗಳ ಭೀಕರ ಪಕ್ಷಿಗಳು ಲಕ್ಷಾಂತರ ವರ್ಷ ಮೊದಲೇ ಅಳಿದಂಥವು ಎಂದು ಎತ್ತಿ ತೋರಿಸುವುದು ಸುಲಭ. ಕವಿಗೆ ಕಾಲವನ್ನು ಕಲಸುವ ಸ್ವಾತಂತ್ರ್ಯವುಂಟು. ಕ್ಷೇಮೇಂದ್ರ ಹೇಳುವ ಔಚಿತ್ಯ ಇತಿಹಾಸದ ಲೆಕ್ಕಪತ್ರವಲ್ಲ. ಆದರೆ ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಯೆಂದು ಭರತನ ಪರಂಪರೆ ಹೇಳುವಾಗ, ಆ ವಿಸ್ಮಯ ಯಾರದೋ ಒಬ್ಬರ ಚಿತ್ತದಲ್ಲಿ ಹುಟ್ಟಬೇಕಷ್ಟೆ. ಇಲ್ಲಿ ಮ್ಯಾಮತ್ತಿನ ರೋಮರೋಮವೂ ಗಣಕಯಂತ್ರದಲ್ಲಿ ಮೂಡಿದೆ, ಅದನ್ನು ಕಂಡು ಬೆರಗಾಗುವ ಮುಖವೊಂದು ಮಾತ್ರ ಮೂಡಿಲ್ಲ.

ಜಾನ್ ಜಾಕ್ ಅನೋ 1981ರಲ್ಲಿ ಮಾಡಿದ ‘ಕ್ವೆಸ್ಟ್ ಫಾರ್ ಫೈರ್’ ಚಿತ್ರದ ಮ್ಯಾಮತ್‌ಗಳು ನಿಜವಾದ ಆನೆಗಳು. ಅವುಗಳಿಗೆ ಕೂದಲಿನ ಹೊದಿಕೆ ತೊಡಿಸಲಾಗಿತ್ತು. ಇಂದಿನ ಕಣ್ಣಿಗೆ ವೇಷ ತಿಳಿದೇ ತಿಳಿಯುತ್ತದೆ. ಆದರೂ ಶತ್ರುಗಳ ನಡುವೆ ಸಿಕ್ಕಿಬಿದ್ದ ಬೇಟೆಗಾರ ಒಂದು ಹಿಡಿ ಹುಲ್ಲನ್ನು ಮುಂದೆ ಚಾಚಿ, ನಡುಗುತ್ತ ಮ್ಯಾಮತ್ತಿನ ಬಳಿಸಾರುವಾಗ ಪ್ರೇಕ್ಷಕನ ಉಸಿರು ಕಟ್ಟುತ್ತದೆ. ಅಲ್ಲಿನ ಕುಲಕ್ಕೆ ಬೆಂಕಿಯನ್ನು ಕಾಯಲು ಗೊತ್ತು, ಹುಟ್ಟಿಸಲು ಗೊತ್ತಿಲ್ಲ. ಆರಿದ ಬೆಂಕಿಯನ್ನು ಅರಸಿ ಮೂವರು ಹೊರಡುತ್ತಾರೆ, ಕಥೆಯೆಂದರೆ ಇಷ್ಟೇ. ಕಡ್ಡಿ ಮಸೆದು ಬೆಂಕಿ ಮಾಡುವುದನ್ನು ನಾಯಕ ಮೊದಲ ಬಾರಿಗೆ ಕಂಡಾಗ ಕ್ಯಾಮೆರಾ ಕಿಡಿಗಿಂತ ಅವನ ಮುಖಕ್ಕೇ ಹೆಚ್ಚು ಕಾಯುತ್ತದೆ. ಅವರ ಮಾತಿಗಾಗಿ ಕಾದಂಬರಿಕಾರ ಆಂಟನಿ ಬರ್ಜೆಸ್ ಒಂದು ಭಾಷೆಯನ್ನೇ ಕಟ್ಟಿಕೊಟ್ಟರು. ಎಮರಿಕ್ ಅವರ ನಾಯಕನಾದರೋ ನಿರರ್ಗಳವಾಗಿ ಇಂಗ್ಲಿಷ್ ನುಡಿಯುತ್ತಾನೆ.

ಆ ಯುಗದಲ್ಲಿ ಬೃಹತ್ ಕಟ್ಟಡವೇ ಬೇಕಿದ್ದರೆ ಈಜಿಪ್ಟಿನಿಂದ ಕಡ ತರಬೇಕಾಗಿರಲಿಲ್ಲ. ಆಗ್ನೇಯ ತುರ್ಕಿಯ ಗೊಬೆಕ್ಲಿ ತೆಪೆಯಲ್ಲಿ ಕ್ಲೌಸ್ ಶ್ಮಿಟ್ ಅವರ ಉತ್ಖನನ 1995ರಿಂದಲೇ ನಡೆದಿತ್ತು. ಕ್ರಿ.ಪೂ. 9500ರ ಸುಮಾರಿಗೆ, ಕೃಷಿ ಇನ್ನೂ ಬೇರೂರದ ಕಾಲದಲ್ಲಿ, ಬೇಟೆಯಾಡಿ ಬದುಕುತ್ತಿದ್ದವರು ಲೋಹದ ಉಪಕರಣವಿಲ್ಲದೆ, ಹೊರೆಯೆಳೆಯುವ ಪಶುವಿಲ್ಲದೆ, ಸುಣ್ಣಕಲ್ಲಿನ ಕಂಬಗಳನ್ನು ಕಡಿದು ನಿಲ್ಲಿಸಿದರು. ಕೆಲವು 5 ಮೀಟರಿಗೂ ಎತ್ತರ. ಮೈಮೇಲೆ ನರಿ, ಹಾವು, ಹಕ್ಕಿಗಳ ಕೆತ್ತನೆ. ಯಾವ ಹಂಬಲ ಅವರನ್ನು ಈ ಕೆಲಸಕ್ಕೆ ಹಚ್ಚಿತು? ವಿದ್ವಾಂಸರು ಇಂದಿಗೂ ಚರ್ಚಿಸುವ ಈ ಪ್ರಶ್ನೆಯಲ್ಲಿ ಹತ್ತು ಚಿತ್ರಗಳಿಗಾಗುವಷ್ಟು ವಸ್ತುವಿದೆ. ಚಾವಟಿ ಹಿಡಿದ ದೇವರಾಜನನ್ನು ಕಲ್ಪಿಸಿದೊಡನೆ ಪ್ರಶ್ನೆಯೇ ಸತ್ತುಹೋಗುತ್ತದೆ.

ಚಿತ್ರದ ಕೊನೆಯಲ್ಲಿ ಬಾಣ ತಗುಲಿ ಎವೊಲೆಟ್ ಸಾಯುತ್ತಾಳೆ. ದೂರದ ತಪ್ಪಲಿನಲ್ಲಿರುವ ಕುಲದ ವೃದ್ಧಮಾತೆ ತನ್ನ ಪ್ರಾಣವನ್ನು ತೆತ್ತು ಅವಳನ್ನು ಬದುಕಿಸುತ್ತಾಳೆ. ಪ್ರೇಕ್ಷಕನಿಗೆ ಅವಳ ಸಾವು ತಟ್ಟುವ ಮೊದಲೇ ಅದು ರದ್ದಾಗಿರುತ್ತದೆ.