ಹೊರೆ ಯಾರ ತಲೆಯ ಮೇಲೆ?

ಸ್ಲೇಟಿನ ಮೇಲೆ ಮೊದಲ ಬಾರಿಗೆ ತನ್ನ ಹೆಸರನ್ನು ಬರೆದ ಮಗು ಅದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿರುವುದಿಲ್ಲ. ಎದ್ದು ಗುರುಗಳ ಮೇಜಿನ ಬಳಿಗೆ ಓಡುತ್ತದೆ. ಮನೆಗೆ ಬಂದು ತಾಯಿಗೆ ತೋರಿಸುತ್ತದೆ. ಬಾಗಿಲ ಮುಂದೆ ಹಾದುಹೋಗುವವರನ್ನೂ ನಿಲ್ಲಿಸಿ ತೋರಿಸುತ್ತದೆ. ಬರೆದುದನ್ನು ಇನ್ನೊಬ್ಬರು ಓದಬೇಕೆಂಬ ಆಸೆ ಅಕ್ಷರದೊಡನೆಯೇ ಹುಟ್ಟುವಂಥದು. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಆದರೆ ಓದುಗನನ್ನು ಹುಡುಕಿಕೊಂಡು ಹೋಗುವ ದಾರಿಗಳು ಹಲವು. ಅವುಗಳಲ್ಲಿ ತಪ್ಪುದಾರಿಯೊಂದನ್ನು ತುಳಿದು ಹಿಂದಿರುಗಿದವನು ನಾನು. ಆ ಸಂಗತಿಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನಾನು ಚಿಕ್ಕೋಡಿಯಲ್ಲಿ ಪ್ರೌಢಶಾಲೆಗೆ ಹೋಗುತ್ತಿದ್ದಾಗ ನಮ್ಮ ಕನ್ನಡದ ಗುರುಗಳು ಗಳಗನಾಥರ ವಿಷಯವನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಗಳಗನಾಥರೆಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942). ಹಾವೇರಿ ಸೀಮೆಯ ಗಳಗನಾಥ ಗ್ರಾಮದವರು. ವೃತ್ತಿಯಿಂದ ಶಾಲೆಯ ಮಾಸ್ತರರು. ಆ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿ ಮರಾಠಿಯ ಪ್ರಭಾವ ಬಹಳ. ಕನ್ನಡ ಪುಸ್ತಕವನ್ನು ಹಣ ಕೊಟ್ಟು ಕೊಳ್ಳುವವರು ವಿರಳ. ಗಳಗನಾಥರು ಕಾದಂಬರಿಗಳನ್ನು ಬರೆದರು, ಅಚ್ಚು ಹಾಕಿಸಿದರು. ಅಷ್ಟಕ್ಕೇ ನಿಲ್ಲದೆ, ಅವುಗಳನ್ನು ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಊರೂರು ತಿರುಗಿ ಮಾರಿದರು. “ಓದುಗ ಬರಲಿಲ್ಲವೆಂದು ಅವರು ಕೊರಗಲಿಲ್ಲ, ತಾವೇ ಅವನ ಮನೆಬಾಗಿಲಿಗೆ ಹೋದರು” ಎಂದು ನಮ್ಮ ಗುರುಗಳು ಹೇಳುವಾಗ ಅವರ ಕಣ್ಣು ತುಂಬಿ ಬರುತ್ತಿತ್ತು.

ನಮ್ಮ ಭಾಗವೂ ಬರಹಗಾರರಿಲ್ಲದ ಭಾಗವಲ್ಲ. ಇಂದು ಕಾಗವಾಡ ತಾಲ್ಲೂಕಿಗೆ ಸೇರಿರುವ ಶೇಡಬಾಳದಲ್ಲಿ ಮಿರ್ಜಿ ಅಣ್ಣಾರಾಯರು (1918–1975) ಬಾಳಿದರು. ಅವರೂ ಉಪಾಧ್ಯಾಯರೇ. ‘ನಿಸರ್ಗ’ ಎಂಬ ಅವರ ಕಾದಂಬರಿಯಲ್ಲಿ ಈ ಗಡಿನಾಡಿನ ಹಳ್ಳಿಯ ಬದುಕೂ ಆಡುಮಾತೂ ಮೈದೋರಿವೆ. ಇಂಥ ಹಿರಿಯರ ಹೆಸರುಗಳನ್ನು ಕೇಳುತ್ತ ಬೆಳೆದ ನನಗೂ ಬರೆಯುವ ಗೀಳು ಹತ್ತಿತು.

ಬರಹವನ್ನು ಓದುಗನ ಬಳಿಗೆ ಒಯ್ಯುವ ಮೊದಲ ಪಾಠ ನನಗೆ ದೊರೆತದ್ದು ರಾಯಬಾಗ ತಾಲ್ಲೂಕಿನ ಒಂದು ಶಾಲೆಯಲ್ಲಿ. ಅಲ್ಲಿ ಮಕ್ಕಳಿಂದ ಒಂದು ಗೋಡೆ ಪತ್ರಿಕೆಯನ್ನು ಬರೆಯಿಸುತ್ತಿದ್ದೆ. ಅಂದವಾದ ಅಕ್ಷರ, ಬಣ್ಣದ ಚಿತ್ರ, ಎಲ್ಲವೂ ಇದ್ದವು. ಅದನ್ನು ಮುಖ್ಯಾಧ್ಯಾಪಕರ ಕೊಠಡಿಯ ಪಕ್ಕದಲ್ಲಿ ಗೌರವದಿಂದ ತೂಗುಹಾಕಿದ್ದೆವು. ಯಾರೂ ಓದುತ್ತಿರಲಿಲ್ಲ. ಆ ಕೊಠಡಿಯ ಬಳಿ ಸುಳಿಯಲು ಮಕ್ಕಳಿಗೆ ಭಯ! ಒಂದು ದಿನ ಹುಡುಗನೊಬ್ಬ, “ಸರ್, ನೀರಿನ ನಳದ ಹಂತ್ಯಾಕ ಹಚ್ಚೂಣ್ರಿ” ಎಂದ. ಹಾಗೆಯೇ ಮಾಡಿದೆವು. ನೀರಿಗಾಗಿ ಸಾಲು ನಿಂತ ಮಕ್ಕಳೆಲ್ಲ ಅಂದಿನಿಂದ ಪತ್ರಿಕೆಯನ್ನು ಓದತೊಡಗಿದರು. ತಪ್ಪು ಕಾಗುಣಿತವನ್ನು ಬೆರಳಿಟ್ಟು ತೋರಿಸಿ ನಕ್ಕರು. ನಕ್ಕದ್ದರಿಂದ ಮುಂದಿನ ಸಂಚಿಕೆಯಲ್ಲಿ ಕಾಗುಣಿತ ಸುಧಾರಿಸಿತು.

2018ರಲ್ಲಿ ನಾನು ನಿವೃತ್ತನಾದೆ. ಪೆಟ್ಟಿಗೆಯಲ್ಲಿದ್ದ ಹಳೆಯ ಬರಹಗಳನ್ನು ನೋಡಿ ನನ್ನ ಮೊಮ್ಮಗಳು, “ಅಜ್ಜಾ, ಇವನ್ನೆಲ್ಲ ಬ್ಲಾಗಿನಾಗ ಹಾಕೂಣು” ಎಂದಳು. ಬ್ಲಾಗು ಎಂದರೆ ಅಂತರಜಾಲದಲ್ಲಿ ಒಬ್ಬ ವ್ಯಕ್ತಿ ತನ್ನ ಬರಹಗಳನ್ನು ದಿನಾಂಕದ ಕ್ರಮದಲ್ಲಿ ಪ್ರಕಟಿಸುವ ತಾಣ. ಅಚ್ಚಿನ ಖರ್ಚಿಲ್ಲ, ಗಂಟು ಹೊರುವ ಶ್ರಮವಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಒಂದು ಕಾಲಕ್ಕೆ ಕಷ್ಟದ ಕೆಲಸವಾಗಿತ್ತು. ಒಂದು ಯಂತ್ರದಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳಿಗೂ ಚಿಹ್ನೆಗಳಿಗೂ ನಿಶ್ಚಿತ ಸಂಖ್ಯೆಗಳು ದೊರೆತವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಬೆರಳಚ್ಚನ್ನು ಸುಲಭಗೊಳಿಸಿತು. ಇಂಥವರ ದುಡಿಮೆಯಿಂದಾಗಿ ಇಂದು ಚಿಕ್ಕೋಡಿಯಲ್ಲಿ ಬರೆದ ಕನ್ನಡವನ್ನು ಅಮೆರಿಕೆಯಲ್ಲಿರುವವನೂ ತನ್ನ ಫೋನಿನಲ್ಲಿ ಓದಬಲ್ಲ.

ಓದಬಲ್ಲ ಎಂಬುದು ನಿಜ. ಓದುತ್ತಾನೆಯೇ ಎಂಬುದು ಬೇರೆ ಮಾತು. ನನ್ನ ಮೊದಲ ಲೇಖನದ ಕೆಳಗೆ, ಓದಿದವರ ಸಂಖ್ಯೆ ಏಳು ಎಂದು ತೋರುತ್ತಿತ್ತು. ಆ ಏಳರಲ್ಲಿ ನಾಲ್ವರು ನಮ್ಮ ಮನೆಯವರೇ! ಮೊಮ್ಮಗಳು ಲೇಖನವನ್ನು ಮೇಲಿಂದ ಕೆಳಗೆ ಸರಿಸಿ ನೋಡಿ, “ಅಜ್ಜಾ, ನೀ ಬರದದ್ದು ಚಲೋ ಐತಿ. ಆದ್ರ ಈ ಮನಿಗೆ ಬಾಗಲಾನ ಇಲ್ಲ. ಮಂದಿ ಒಳಗ ಹೆಂಗ ಬರಬೇಕು?” ಎಂದಳು. ನೋಡಿದರೆ ಅವಳ ಮಾತು ಸರಿಯಾಗಿತ್ತು. ನಾನು ಇಟ್ಟ ಶೀರ್ಷಿಕೆ ‘ಕೆಲವು ವಿಚಾರಗಳು’ ಎಂದಿತ್ತು. ಒಂದೊಂದು ಪರಿಚ್ಛೇದವೂ ಫೋನಿನ ಪರದೆಗೆ ಗೋಡೆ ಕಟ್ಟಿದಂತಿತ್ತು.

ನಲವತ್ತು ವರ್ಷ ಪಾಠ ಹೇಳಿದವನು ಹದಿನೈದು ವರ್ಷದ ಹುಡುಗಿಯ ಶಿಷ್ಯನಾದೆ. ಒಳಗಿನ ಸಂಗತಿಯನ್ನು ತಿಳಿಸುವ ಶೀರ್ಷಿಕೆಯನ್ನು ಇಡಲು ಕಲಿತೆ. ವಾಕ್ಯಗಳನ್ನು ಕಿರಿದು ಮಾಡಿದೆ. ವಾರಕ್ಕೊಮ್ಮೆ, ಒಂದೇ ದಿನ, ತಪ್ಪದೆ ಬರೆದೆ. ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳು ಊರಿನ ನೀರಿನ ನಳವಿದ್ದಂತೆ. ಜನ ಅಲ್ಲಿಗೆ ತಮ್ಮ ಕೆಲಸಕ್ಕೆಂದು ಬಂದೇ ಬರುತ್ತಾರೆ. ಬರಹದ ಸುದ್ದಿಯನ್ನು ಅಲ್ಲಿ ತೂಗುಹಾಕಬೇಕು. ಎಲ್ಲವನ್ನೂ ಎಲ್ಲರಿಗೂ ಕಳಿಸಿದರೆ ಯಾರೂ ಓದುವುದಿಲ್ಲ. ನಿಪ್ಪಾಣಿಯ ತಂಬಾಕಿನ ಬೆಳೆಯನ್ನು ಕುರಿತ ಲೇಖನವನ್ನು ರೈತರ ಗುಂಪಿಗೆ ಕಳಿಸಿದೆ; ಹಳೆಯ ಶಾಲೆಯ ನೆನಪುಗಳನ್ನು ಹಳೆಯ ವಿದ್ಯಾರ್ಥಿಗಳಿಗೆ ಕಳಿಸಿದೆ. ಉತ್ತರ ಬರೆದವರಿಗೆಲ್ಲ ಮರುತ್ತರ ಬರೆದೆ. ಒಮ್ಮೆ, ವೇದಗಂಗಾ ನದಿ ನೇರವಾಗಿ ಕೃಷ್ಣೆಯನ್ನು ಸೇರುತ್ತದೆಂದು ಬರೆದುಬಿಟ್ಟಿದ್ದೆ. ನದಿಯ ದಂಡೆಯ ರೈತರೊಬ್ಬರು, “ಗುರುಗಳ, ವೇದಗಂಗಾ ಮೊದಲ ದೂಧಗಂಗಾಕ್ಕ ಕೂಡತೈತಿ, ಆಮ್ಯಾಲ ದೂಧಗಂಗಾ ಕೃಷ್ಣಾಕ್ಕ ಹೋಗತೈತಿ” ಎಂದು ತಿದ್ದಿದರು. ತಪ್ಪನ್ನು ತಿದ್ದಿ, ತಿದ್ದಿದವರಿಗೆ ವಂದನೆ ಹೇಳಿ ಬರೆದೆ. ಓದುಗರು ಏಳರಿಂದ ನಲವತ್ತಾದರು, ನಲವತ್ತರಿಂದ ಇನ್ನೂರಾದರು.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಆದರೆ ಸಂಖ್ಯೆಯನ್ನು ನೋಡುವುದು ಒಂದು ಚಟ. ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವ ಮೊದಲೇ ನಾನು ಫೋನನ್ನು ನೋಡತೊಡಗಿದೆ. ಇನ್ನೂರು ಏಕೆ ಎರಡು ಸಾವಿರವಾಗಬಾರದು ಎನ್ನಿಸತೊಡಗಿತು.

2022ರ ಮಳೆಗಾಲದಲ್ಲಿ ಅಥಣಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಕೊಲ್ಹಾಪುರಿ ಚಪ್ಪಲಿಯೆಂದು ಲೋಕ ಕರೆಯುವ ಪಾದರಕ್ಷೆಯನ್ನು ನಮ್ಮ ಅಥಣಿ, ನಿಪ್ಪಾಣಿಯ ಕಡೆಯ ಕುಶಲಕರ್ಮಿಗಳೂ ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರೂ ಸೇರಿತು. ಆ ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಮುದುಕಿಯೊಬ್ಬರು ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆಯುತ್ತಿದ್ದರು. ಬೆರಳುಗಳ ಆ ಓಟವನ್ನು ನೋಡುತ್ತ ನಾನು ಹೊತ್ತು ಹೋದುದನ್ನೇ ಅರಿಯಲಿಲ್ಲ. ಕಬ್ಬಿಣದ ಮೊಳೆಯಿಲ್ಲದೆ, ತೊಗಲಿನ ದಾರದಿಂದಲೇ ಅಟ್ಟೆಯನ್ನು ಹೊಲಿಯುವ ಬಗೆಯನ್ನು ಅವರು ವಿವರಿಸಿದರು. ಮಧ್ಯಾಹ್ನ ರೊಟ್ಟಿ, ಪಲ್ಯ ಬಡಿಸಿ, ಉಣ್ಣದೆ ಏಳಗೊಡಲಿಲ್ಲ. ಆಗ ಮಳೆ ಬಂದು ಮಾಳಿಗೆಯ ಒಂದು ಮೂಲೆ ಸೋರಿತು. ಅವರು ಅಲ್ಲಿ ಒಂದು ಪಾತ್ರೆಯನ್ನಿಟ್ಟು ಮತ್ತೆ ಕೆಲಸಕ್ಕೆ ಕುಳಿತರು.

ಊರಿಗೆ ಬಂದು ಆ ಕಸುಬನ್ನು ಕುರಿತು ಲೇಖನ ಬರೆದೆ. ಮೂರು ದಿನಗಳಲ್ಲಿ ಓದಿದವರು ಅರವತ್ತು ಮಂದಿ. ಮನಸ್ಸು ಕಹಿಯಾಯಿತು. ಜನ ಯಾವುದಕ್ಕೆ ಬೇಗ ಮರುಗುತ್ತಾರೋ, ಯಾವುದನ್ನು ಬೇಗ ಹಂಚುತ್ತಾರೋ ಅದನ್ನೇ ಇನ್ನಷ್ಟು ಜನರ ಮುಂದೆ ತಂದಿಡುವ ಲೆಕ್ಕಾಚಾರ ಫೇಸ್‌ಬುಕ್ಕಿನಂಥ ತಾಣಗಳಲ್ಲಿ ಉಂಟು. ಅದು ನನಗೆ ತಿಳಿದಿತ್ತು. ಶೀರ್ಷಿಕೆಯನ್ನು ‘ಹಸಿದ ಕೈಗಳು ಹೆಣೆದ ಚಪ್ಪಲಿ’ ಎಂದು ಬದಲಿಸಿದೆ. ಕಸುಬಿನ ವಿವರಗಳನ್ನು ತೆಗೆದು, ಸೋರುವ ಮಾಳಿಗೆಯನ್ನೂ ಪಾತ್ರೆಯನ್ನೂ ಮುಂದೆ ತಂದೆ. ಅವರ ಮುಖದ ಚಿತ್ರವನ್ನು ಹಾಕಿದೆ. ಎರಡು ದಿನಗಳಲ್ಲಿ ಒಂಬತ್ತು ಸಾವಿರ ಜನ ಓದಿದರು! ನಾನು ಹಿಗ್ಗಿದೆ. ಆ ಮನೆಯಲ್ಲಿ ಯಾರೂ ಹಸಿದಿರಲಿಲ್ಲ ಎಂಬುದನ್ನು, ಹಸಿದು ಹೋದ ನನಗೇ ಅವರು ಉಣಬಡಿಸಿದ್ದರು ಎಂಬುದನ್ನು, ಆ ಹಿಗ್ಗಿನಲ್ಲಿ ಮರೆತೆ.

ಮೂರು ವಾರಗಳ ಬಳಿಕ, ಲೇಖನದ ಮುದ್ರಿತ ಪ್ರತಿಯನ್ನು ಹಿಡಿದು ಸಂತೋಷದಿಂದ ಆ ಮನೆಗೆ ಹೋದೆ. ಮುದುಕಿ ನೀರು ಕೊಟ್ಟರು, ಮಾತನಾಡಲಿಲ್ಲ. ಒಳಕೋಣೆಯ ಬಾಗಿಲಲ್ಲಿ ಅವರ ಮೊಮ್ಮಗಳು ನಿಂತಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ಶಾಲೆಯ ದಿನವಾಗಿದ್ದರೂ ಮನೆಯಲ್ಲಿದ್ದಳು. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಮಾಡಿದ್ದ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ನನ್ನ ಲೇಖನವನ್ನು ಹಾಕಿದ್ದರಂತೆ. ಸಹಪಾಠಿಗಳು ಅವಳ ಮುಂದೆ ಊಟದ ಡಬ್ಬಿಯನ್ನು ಹಿಡಿದು, “ಹಸಿವ್ಯಾಗೇತೇನು?” ಎಂದು ನಕ್ಕರಂತೆ. ಅಂದಿನಿಂದ ಅವಳು ಶಾಲೆಗೆ ಹೋಗಿರಲಿಲ್ಲ.

ಬಹಳ ಹೊತ್ತಿನ ಮೇಲೆ ಮುದುಕಿ ತಲೆಯೆತ್ತಿ ಹೇಳಿದರು: “ಮಾಸ್ತರ್ರ, ನೀವು ನನ್ನ ಕೈ ನೋಡಾಕ ಬಂದಿದ್ರಿ. ಮಾಳಗಿ ನೋಡಿ ಹೋದ್ರಿ.”

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. “ಅಕ್ಕಾ, ತಪ್ಪಾತು” ಎಂದೆ. ಬೇರೆ ಮಾತು ಹೊರಡಲಿಲ್ಲ. ಗಳಗನಾಥರು ನೆನಪಾದರು. ಅವರು ಓದುಗನನ್ನು ಅರಸಿ ನಡೆದಾಗ ಪುಸ್ತಕದ ಹೊರೆ ಇದ್ದದ್ದು ಅವರ ತಲೆಯ ಮೇಲೆ. ನಾನಾದರೋ ನನ್ನ ಹೊರೆಯನ್ನು ಈ ಶಾಲಾ ಹುಡುಗಿಯ ತಲೆಯ ಮೇಲೆ ಹೊರಿಸಿದ್ದೆ.

ಅಂದೇ ಆ ಲೇಖನವನ್ನು ಬ್ಲಾಗಿನಿಂದ ತೆಗೆದೆ. ಅದರ ಜಾಗದಲ್ಲಿ, ‘ನಾನು ಬರೆದದ್ದು ಸುಳ್ಳು, ಆ ಮನೆಯವರ ಕ್ಷಮೆ ಕೇಳುತ್ತೇನೆ’ ಎಂದು ಬರೆದೆ. ಹುಡುಗಿಯ ಶಾಲೆಗೆ ಹೋಗಿ, ಗುರುಗಳ ಅನುಮತಿ ಪಡೆದು, ತರಗತಿಯ ಮುಂದೆ ನಿಂತು ಅದೇ ಮಾತನ್ನು ಹೇಳಿದೆ. ನಲವತ್ತು ವರ್ಷ ತರಗತಿಯ ಮುಂದೆ ನಿಂತಿದ್ದೇನೆ. ಆ ದಿನದಂತೆ ಎಂದೂ ಕಾಲು ನಡುಗಿರಲಿಲ್ಲ. ಮರುವಾರ ಹುಡುಗಿ ಶಾಲೆಗೆ ಬಂದಳೆಂದು ತಿಳಿಯಿತು.

ಆಮೇಲೆ ಮುದುಕಿಯ ಒಪ್ಪಿಗೆ ಪಡೆದು ಕಸುಬಿನ ಲೇಖನವನ್ನು ಹೊಸದಾಗಿ ಬರೆದೆ. ಪ್ರಕಟಿಸುವ ಮೊದಲು ಅವರ ಮುಂದೆ ಕುಳಿತು ಓದಿದೆ. ತೊಗಲನ್ನು ಜಾಲಿಯ ತೊಗಟೆಯಿಂದ ಹದಮಾಡುತ್ತಾರೆಂದು ನಾನು ಬರೆದಿದ್ದೆ. “ತೊಗಟಿ ಒಂದಾದ್ರ ಆಗೂದಿಲ್ರಿ, ಅಳಲೆಕಾಯಿನೂ ಬೇಕು” ಎಂದು ತಿದ್ದಿದರು. ಹೆಣಿಗೆಯ ಎಳೆಗಳ ಹೆಸರನ್ನು ಮೊಮ್ಮಗಳು ಬರೆದುಕೊಟ್ಟಳು. ಚಿತ್ರ ಬೇಕೆ ಎಂದು ಕೇಳಿದೆ. “ಕೈದು ತಗೀರಿ” ಎಂದು ಎರಡು ಕೈಗಳನ್ನೂ ಮುಂದೆ ಚಾಚಿದರು. ಆ ಲೇಖನವನ್ನು ಓದಿದವರು ಮುನ್ನೂರು ಜನರಿರಬಹುದು. ಅವರಲ್ಲಿ ಕೆಲವರು, ಚಪ್ಪಲಿ ಎಲ್ಲಿ ದೊರೆಯುತ್ತದೆಂದು ಕೇಳಿ ಬರೆದರು. ಮಾಳಿಗೆಯ ಸುದ್ದಿಯನ್ನು ಓದಿದ್ದ ಒಂಬತ್ತು ಸಾವಿರ ಜನರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.

ಇಷ್ಟಾದರೂ ತಪ್ಪು ಪೂರ್ತಿಯಾಗಿ ಅಳಿಯಲಿಲ್ಲ. ಬ್ಲಾಗಿನಿಂದ ನಾನು ಲೇಖನವನ್ನು ತೆಗೆಯಬಲ್ಲೆ; ಜನರ ಫೋನುಗಳಿಂದ ತೆಗೆಯಲಾರೆ. ಗಾಳಿಗೆ ತೂರಿದ ಹೊಟ್ಟನ್ನು ಮತ್ತೆ ಮೊರಕ್ಕೆ ತುಂಬುವವರುಂಟೆ? ಹೋದ ವರ್ಷ ದೂರದ ಬಂಧುವೊಬ್ಬರು, “ಕಣ್ಣೀರು ತರಿಸುವ ಬರಹ, ಎಲ್ಲರಿಗೂ ಕಳಿಸಿ” ಎಂಬ ಒಕ್ಕಣೆಯೊಡನೆ ಆ ಹಳೆಯ ಲೇಖನವನ್ನೇ ನನಗೆ ಕಳುಹಿಸಿದರು. ಅದರ ಕೆಳಗೆ ನನ್ನ ಹೆಸರೂ ಉಳಿದಿರಲಿಲ್ಲ. ಆ ತಾಯಿಯ ಮುಖ ಮಾತ್ರ ಹಾಗೆಯೇ ಇತ್ತು.

ನಾನು ಬರೆಯುವುದನ್ನು ಬಿಟ್ಟಿಲ್ಲ. ಬರೆದುದನ್ನು ನಾಲ್ಕು ಜನರ ಮುಂದಿಡುವುದನ್ನೂ ಬಿಟ್ಟಿಲ್ಲ. ನಳದ ಬಳಿ ಪತ್ರಿಕೆಯನ್ನು ತೂಗುಹಾಕುವುದು ಇಂದಿಗೂ ಒಳ್ಳೆಯ ಕೆಲಸವೆಂದೇ ನಂಬಿದ್ದೇನೆ. ಆದರೆ ‘ಪ್ರಕಟಿಸು’ ಎಂಬ ಗುಂಡಿಯನ್ನು ಒತ್ತುವ ಮೊದಲು ಬೆರಳು ಒಂದು ಕ್ಷಣ ತಡೆಯುತ್ತದೆ. ಇದರ ಹೊರೆ ಯಾರ ತಲೆಯ ಮೇಲೆ ಎಂದು ಕೇಳಿಕೊಳ್ಳುತ್ತೇನೆ. ನನ್ನ ತಲೆಯ ಮೇಲೆಯೇ ಎಂದು ಖಚಿತವಾದ ಮೇಲೆ ಗಂಟನ್ನು ಎತ್ತಿಕೊಂಡು ಓದುಗನ ಊರಿನ ದಾರಿ ಹಿಡಿಯುತ್ತೇನೆ.