ಊಟ ಬಲ್ಲ ಪ್ರವಾಸಿ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದವರು ಯಾರು? ಮನೆಯಲ್ಲಿರುವಷ್ಟು ದಿನ ಈ ಗಾದೆಯ ಮೊದಲರ್ಧದ ಹೊಣೆಯನ್ನು ಅಡುಗೆಮನೆಯವರೇ ಹೊತ್ತಿರುತ್ತಾರೆ. ಮನೆ ಬಿಟ್ಟು ಹೊರಟವನಿಗೆ ಆ ಹೊಣೆ ತನ್ನದೇ ಆಗುತ್ತದೆ. ಗೋಧಿ ಒಗ್ಗದ ದೇಹವುಳ್ಳವನು ಜಪಾನಿನ ಸರೋವರ ತೀರದ ಊರೊಂದಕ್ಕೆ ಹೋದನೆಂದರೆ, ಗಾದೆಯ ಎರಡರ್ಧಗಳೂ ಅವನಿಗೆ ಬೇಕಾಗುತ್ತವೆ.

ಗೋಧಿಯಲ್ಲಿ ದೋಷವೇನೂ ಇಲ್ಲ. ಕೋಟ್ಯಂತರ ಜನರ ಹಸಿವನ್ನು ಹಿಂಗಿಸುವ ಧಾನ್ಯವದು. ಆದರೆ ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಉಂಟು. ನಾದಿದ ಗೋಧಿ ಹಿಟ್ಟಿಗೆ ಜಿಗುಟನ್ನು ಕೊಡುವುದು ಇದೇ. ಸೀಲಿಯಾಕ್ ರೋಗವುಳ್ಳವರ ದೇಹ ಇದನ್ನು ಸಹಿಸದು. ಗ್ಲುಟೆನ್ ಒಳಹೊಕ್ಕರೆ ಶರೀರದ ರಕ್ಷಣಾ ವ್ಯವಸ್ಥೆಯು ಸಣ್ಣ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಆಹಾರದ ಸಾರವನ್ನು ಹೀರುವ ಬೆರಳಿನಾಕಾರದ ಸೂಕ್ಷ್ಮ ರಚನೆಗಳು ಸವೆದುಹೋಗುತ್ತವೆ. ಹೊಟ್ಟೆ ತುಂಬ ಉಂಡರೂ ದೇಹ ಸೊರಗುತ್ತದೆ. ಇದಕ್ಕೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವರು ನೆದರ್ಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ. 1944–45ರ ಚಳಿಗಾಲದಲ್ಲಿ, ಯುದ್ಧದ ನಡುವೆ, ಆ ದೇಶದಲ್ಲಿ ಕ್ಷಾಮ ತಲೆದೋರಿ ಬ್ರೆಡ್ಡು ದುರ್ಲಭವಾಯಿತು. ಎಲ್ಲರೂ ಸೊರಗುತ್ತಿದ್ದ ಆ ಕಾಲದಲ್ಲಿ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿದಾಗ ರೋಗವೂ ಮರಳಿತು. ಗೋಧಿಯ ಮೇಲೆ ಮೊದಲೇ ಸಂಶಯವಿದ್ದ ಡಿಕೆಯವರು 1950ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಬಂಧವಾಗಿ ಮಂಡಿಸಿದರು. ಇಂದಿಗೂ ಇದಕ್ಕೆ ಪಥ್ಯವೇ ಮದ್ದು. ಆ ಪಥ್ಯವೂ ಜೀವನಪರ್ಯಂತದ್ದು.

ಇಂಥ ಪಥ್ಯದವನು ಕವಾಗುಚಿ ಸರೋವರಕ್ಕೆ ಬಂದನೆನ್ನೋಣ. ಟೋಕಿಯೋ ನಗರದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದ ಈ ಸರೋವರವು, 3,776 ಮೀಟರ್ ಎತ್ತರದ ಫುಜಿ ಪರ್ವತದ ಉತ್ತರದ ತಪ್ಪಲಿನಲ್ಲಿರುವ ಐದು ಸರೋವರಗಳಲ್ಲೊಂದು. ಗಾಳಿಯಾಡದ ಮುಂಜಾನೆ ಹಿಮದ ಮುಡಿಯ ಪರ್ವತವು ತಲೆಕೆಳಗಾಗಿ ನೀರಿನಲ್ಲಿ ಮೂಡುವುದನ್ನು ಕಾಣಲು ದೇಶವಿದೇಶಗಳ ಜನ ಇಲ್ಲಿಗೆ ಬರುತ್ತಾರೆ. ಜಪಾನು ಅನ್ನದ ನಾಡು. ಅಲ್ಲಿನ ನುಡಿಯಲ್ಲಿ ಅನ್ನಕ್ಕೂ ಊಟಕ್ಕೂ ‘ಗೋಹಾನ್’ ಎಂಬುದೊಂದೇ ಪದ. ಅಂಥ ನಾಡಿನಲ್ಲಿ ಗೋಧಿಯ ಭಯವೇಕೆ ಎಂದು ಪ್ರವಾಸಿಗೆ ತೋರುವುದು ಸಹಜ.

ಆದರೆ ಈ ತಪ್ಪಲಿನ ನೆಲದ ರೀತಿಯೇ ಬೇರೆ. ಜ್ವಾಲಾಮುಖಿಯ ಲಾವಾ, ಬೂದಿಗಳಿಂದಾದ ಮಣ್ಣಿನಲ್ಲಿ ನೀರು ನಿಲ್ಲದೆ ಇಂಗಿಹೋಗುತ್ತದೆ. ಎತ್ತರದ ಸ್ಥಳವಾದ್ದರಿಂದ ಚಳಿಯೂ ಹೆಚ್ಚು. ಭತ್ತಕ್ಕೆ ಒಗ್ಗದ ಇಲ್ಲಿ ರೈತರು ಹಿಂದಿನಿಂದ ಗೋಧಿ, ಬಾರ್ಲಿಗಳನ್ನು ಬೆಳೆದರು. ಅದರಿಂದ ಬೆಳೆದುಬಂದ ಭಕ್ಷ್ಯ ‘ಹೋತೋ’. ಗೋಧಿ ಹಿಟ್ಟಿನ ಅಗಲವಾದ ಪಟ್ಟಿಗಳನ್ನು ಸಿಹಿಗುಂಬಳ ಮೊದಲಾದ ತರಕಾರಿಗಳೊಡನೆ ಮಿಸೋ ಸಾರಿನಲ್ಲಿ ಬೇಯಿಸಿ, ಕೊತಕೊತ ಕುದಿಯುತ್ತಿರುವ ಕಬ್ಬಿಣದ ಪಾತ್ರೆಯಲ್ಲಿಯೇ ತಂದಿಡುತ್ತಾರೆ. ನೆರೆಯ ಫುಜಿಯೋಶಿದಾ ಊರು ‘ಉದೊನ್’ ಎಂಬ ದಪ್ಪನೆಯ ಶಾವಿಗೆಗೆ ಹೆಸರಾಗಿದೆ, ಅದೂ ಗೋಧಿಯದೇ. ಊರು ಹೆಮ್ಮೆಯಿಂದ ಬಡಿಸುವುದೇ ಈ ಅತಿಥಿಗೆ ವರ್ಜ್ಯ!

ಕಾಣುವ ಗೋಧಿಯನ್ನು ದೂರವಿಡಬಹುದು. ಕಾಣದ ಗೋಧಿಯಿಂದಲೇ ಕಷ್ಟ. ‘ಶೋಯು’ ಎಂಬ ಸೋಯಾ ಸಾಸು ಹೆಸರಿಗೆ ಸೋಯಾ ಕಾಳಿನದು. ಆದರೆ ಸಾಮಾನ್ಯವಾದ ಶೋಯುವಿನಲ್ಲಿ ಆ ಕಾಳಿನಷ್ಟೇ ಹುರಿದ ಗೋಧಿಯೂ ಸೇರಿರುತ್ತದೆ. ಸಾರು, ಮೀನು, ತರಕಾರಿ ಯಾವುದರಲ್ಲಿಯೂ ಅದು ಬೆರೆತಿರಬಹುದು. ‘ಸೋಬಾ’ ಶಾವಿಗೆಗೆ ಮೂಲವಾದ ಬಕ್‌ವೀಟ್ ಗೋಧಿಯ ಕುಲದ್ದಲ್ಲ. ಆದರೂ ಎಂಟು ಪಾಲು ಬಕ್‌ವೀಟಿಗೆ ಎರಡು ಪಾಲು ಗೋಧಿ ಬೆರೆಸುವ ಪದ್ಧತಿ ಅಲ್ಲಿ ಪ್ರಚಲಿತ. ಕೆಲವು ಬಗೆಯ ಮಿಸೋಗಳಲ್ಲಿ ಬಾರ್ಲಿ ಇರುತ್ತದೆ. ಬೇಸಿಗೆಯಲ್ಲಿ ಬಾಯಾರಿ ಬಂದವನಿಗೆ ಕೊಡುವ ತಣ್ಣನೆಯ ‘ಮುಗಿಚಾ’ ಹುರಿದ ಬಾರ್ಲಿಯದು. ಇದು ಜಪಾನಿನದೊಂದೇ ವಿಶೇಷವಲ್ಲ. ರಾಗಿ, ಜೋಳ, ಅಕ್ಕಿಗಳನ್ನು ಉಣ್ಣುವ ಕನ್ನಡ ನಾಡಿನ ಮನೆಯಲ್ಲಿಯೂ ಸಾರಿನ ಒಗ್ಗರಣೆಗೆ ಹಾಕುವ ಇಂಗಿನಲ್ಲಿ ಅನೇಕ ವೇಳೆ ಗೋಧಿ ಹಿಟ್ಟು ಬೆರೆತಿರುತ್ತದೆ.

ಇಲ್ಲಿಯೇ ಗಾದೆಯ ಎರಡನೆಯ ಅರ್ಧದ ಪ್ರಯೋಜನ ತಿಳಿಯುತ್ತದೆ. ಜಪಾನಿನಲ್ಲಿ ಸೀಲಿಯಾಕ್ ರೋಗ ವಿರಳ. ‘ಗ್ಲುಟೆನ್’ ಎಂದರೆ ಅಡುಗೆಯವನಿಗೆ ಅರ್ಥವಾಗದಿರಬಹುದು. ‘ಕೊಮುಗಿ’ ಎಂದರೆ ಗೋಧಿಯೆಂದು ಅರ್ಥವಾದೀತು. ಜಾಣನಾದ ಪ್ರವಾಸಿ ತನ್ನ ಪಥ್ಯವನ್ನು ಜಪಾನೀ ಲಿಪಿಯಲ್ಲಿ ಬರೆಸಿದ ಚೀಟಿಯೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ. ಪೊಟ್ಟಣದ ತಿನಿಸುಗಳ ಮೇಲೆ ಗೋಧಿಯ ಹೆಸರನ್ನು ಮುದ್ರಿಸಬೇಕೆಂದು ಅಲ್ಲಿ ಕಾನೂನಿದೆ. ಬಾರ್ಲಿಗೆ ಆ ಕಡ್ಡಾಯವಿಲ್ಲ. ವಸತಿಗೃಹಗಳಲ್ಲಿ ರಾತ್ರಿಯ ಊಟಕ್ಕೆ ಬಹಳ ಮುಂಚಿನಿಂದಲೇ ಸಿದ್ಧತೆ ನಡೆಯುವುದರಿಂದ, ಕೋಣೆ ಕಾದಿರಿಸುವಾಗಲೇ ವಿಷಯ ತಿಳಿಸುವುದು ವಿವೇಕ. ‘ಇದರಲ್ಲಿ ಗೋಧಿ ಇದೆಯೆ?’ ಎಂದು ಕೇಳಿದರೆ ಸಾಲದು, ‘ಶೋಯು ಹಾಕಿದ್ದೀರಾ? ಇದೇ ಎಣ್ಣೆಯಲ್ಲಿ ಬೇರೆ ಏನನ್ನಾದರೂ ಕರಿದಿದ್ದೀರಾ?’ ಎಂದು ವಿನಯದಿಂದ ವಿಚಾರಿಸಬೇಕು.

ಹೀಗೆ ಕೇಳಲು ನಾಚುವವರುಂಟು. ಎಳೆಯರಿಗಂತೂ ಪಂಕ್ತಿಯಲ್ಲಿ ತಾನೊಬ್ಬನೇ ಬೇಡವೆನ್ನುವುದು ಬಲು ಕಷ್ಟ. ಪ್ರೀತಿಯಿಂದ ಇಟ್ಟದ್ದನ್ನು ನಿರಾಕರಿಸಿದರೆ ಬಡಿಸಿದವರು ನೊಂದುಕೊಂಡಾರೆಂಬ ಅಳುಕು ಬೇರೆ. ಆದರೆ ದಾಕ್ಷಿಣ್ಯಕ್ಕೆ ಬಿದ್ದು ಉಂಡು, ರಾತ್ರಿಯೆಲ್ಲ ನರಳಿದರೆ ಅತಿಥೇಯನಿಗೆ ಯಾವ ಗೌರವ ಸಂದಂತಾಯಿತು? ತಿಳಿಯದೆ ನೋಯಿಸಿದ ಹೊಣೆಯನ್ನು ಅವನ ತಲೆಗೆ ಕಟ್ಟಿದಂತಾಯಿತು, ಅಷ್ಟೆ. ಮೊದಲೇ ತಿಳಿಸಿದರೆ ಸತ್ಕಾರಕ್ಕೆ ದಾರಿಯುಂಟು. ಶೋಯು ಸವರದೆ ಬರಿಯ ಉಪ್ಪು ಹಚ್ಚಿ ಸುಟ್ಟ ಮೀನು, ಹಬೆಯಾಡುವ ಅನ್ನ, ಯಮನಾಶಿ ಪ್ರಾಂತದ ಹೆಸರಾದ ಪೀಚ್ ಹಣ್ಣು, ದ್ರಾಕ್ಷಿ — ಇಷ್ಟಿದ್ದರೆ ಊಟಕ್ಕೆ ಕೊರತೆಯೇನು? ‘ನಮ್ಮ ಅಡುಗೆಯಲ್ಲಿ ಅಷ್ಟು ಎಚ್ಚರ ಸಾಧ್ಯವಾಗದು’ ಎಂದು ಒಬ್ಬರು ಕೈಮುಗಿದರೆ, ಆ ಪ್ರಾಮಾಣಿಕತೆಯೂ ಒಂದು ಉಪಚಾರವೇ; ಅವರಿಗೆ ವಂದಿಸಿ ಮುಂದಿನ ಬಾಗಿಲಿಗೆ ಹೋಗಬಹುದು.

ಒಬ್ಬರಿಗೆ ಅಮೃತವಾದದ್ದು ಇನ್ನೊಬ್ಬರಿಗೆ ವಿಷವಾಗಬಹುದು. ಇದನ್ನು ಅರಿತು ಉಣ್ಣುವವನಿಗೆ ಸಂಕೋಚ ಬೇಡ. ಅರಿತು ಬಡಿಸುವವನಿಗೆ ಬೇಸರ ಬೇಡ. ಅಂಥ ಊಟದಲ್ಲಿ ದೇಹವೂ ಉಳಿಯುತ್ತದೆ, ಸ್ನೇಹವೂ ಬೆಳೆಯುತ್ತದೆ.