ಆಟ ಮುಗಿದ ಮೇಲೆ ಮನಸ್ಸು ಹೇಗಿದೆ?



ಕುಟುಂಬ ಭೇಟಿಗೆಂದು ಮನೆಗಳಿಗೆ ಹೋದಾಗ ತಂದೆತಾಯಿಗಳು ಗುರುಗಳ ಮುಂದಿಡುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿವೆ. ಒಂದು ಕಾಲಕ್ಕೆ ಸಿನಿಮಾ ನೋಡಬಹುದೇ ಎಂದು ಕೇಳುತ್ತಿದ್ದರು. ಆಮೇಲೆ ಟಿವಿ ಧಾರಾವಾಹಿಗಳ ಸರದಿ ಬಂತು. ಈಗ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು: "ಫಾದರ್, ಮಕ್ಕಳು ವಿಡಿಯೋ ಗೇಮ್ ಆಡುವುದು ಒಳ್ಳೆಯದೋ, ಕೆಟ್ಟದ್ದೋ?" ಕೇಳುವವರಿಗೆ ಒಂದೇ ಪದದ ಉತ್ತರ ಬೇಕು. ಗುರುಗಳು 'ಬೇಡ' ಎಂದುಬಿಟ್ಟರೆ ಮನೆಯೊಳಗಿನ ವಾದ ಅಲ್ಲಿಗೇ ಮುಗಿಯುತ್ತದೆ ಎಂಬ ಆಸೆ ಆ ಪ್ರಶ್ನೆಯ ಹಿಂದಿದೆ. ಆದರೆ ಆ ಉತ್ತರ ನನ್ನ ಬಾಯಿಂದ ಬರುವುದಕ್ಕಿಂತ ನಿಮ್ಮ ಮನೆಯಲ್ಲಿಯೇ ಹುಟ್ಟಿದರೆ ಹೆಚ್ಚು ಕಾಲ ಬಾಳುತ್ತದೆ. ಅದು ಹುಟ್ಟುವ ದಾರಿಯ ಬಗ್ಗೆ ಈ ತಿಂಗಳು ನಿಮ್ಮೊಡನೆ ಒಂದಿಷ್ಟು ಯೋಚಿಸಬೇಕೆಂದಿದ್ದೇನೆ.

ನಮ್ಮದು ಭತ್ತದ ಸೀಮೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಸೋನಾ ಮಸೂರಿಯನ್ನು ಕೊಳ್ಳುವ ವ್ಯಾಪಾರಿ, ಚೀಲದ ಹೊರಗಿನ ಹೊಲಿಗೆಯನ್ನು ನೋಡಿ ದರ ಹೇಳುವುದಿಲ್ಲ. ಒಳಗಿನಿಂದ ಒಂದು ಹಿಡಿ ಕಾಳು ತೆಗೆಯುತ್ತಾನೆ. ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಒಂದೆರಡು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ತೇವವೆಷ್ಟು, ಜೊಳ್ಳೆಷ್ಟು ಎಂದು ತಿಳಿದ ಮೇಲೆಯೇ ಬಾಯಿ ಬಿಡುತ್ತಾನೆ. ಇಷ್ಟೊಂದು ಎಚ್ಚರದಿಂದ ಕಾಳನ್ನು ತೂಗುವ ನಾವು, ಮಕ್ಕಳು ದಿನಕ್ಕೆರಡು ತಾಸು ಮನಸ್ಸಿಗೆ ತುಂಬಿಕೊಳ್ಳುವ ಆಟಗಳ ವಿಷಯದಲ್ಲಿ ಮಾತ್ರ ಚೀಲ ಬಿಚ್ಚದೆಯೇ ದರ ಹೇಳುತ್ತೇವೆ.

ಆ ಲೋಕದಲ್ಲಿಯೂ ಕಾಳು ಕಡಿದು ನೋಡುವವರಿದ್ದಾರೆ. ಅವರೇ ಆಟಗಳ ವಿಮರ್ಶಕರು. ಅವರ ಕೆಲಸ ತಿಳಿಯಲು ಮೊದಲು ಆಟದ ಪೆಟ್ಟಿಗೆಯ ಪರಿಚಯವಾಗಬೇಕು. ಟಿವಿಗೆ ಜೋಡಿಸಿ, ಗುಂಡಿಗಳುಳ್ಳ ಸಾಧನವನ್ನು ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ 1983ರಲ್ಲಿ, ಸೋನಿ ಕಂಪನಿಯ ಪ್ಲೇಸ್ಟೇಷನ್ 1994ರಲ್ಲಿ, ಅಮೆರಿಕದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 2001ರಲ್ಲಿ ಮಾರುಕಟ್ಟೆಗೆ ಬಂದವು. ಈ ಉದ್ಯಮದಲ್ಲಿ ನಮ್ಮ ನಾಡಿಗೂ ಪಾಲಿದೆ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ 1997ರಷ್ಟು ಹಿಂದೆಯೇ ಈ ಕೆಲಸಕ್ಕೆ ಕೈಹಾಕಿತು. ನಮ್ಮ ಕಡೆಯ ಹೆಚ್ಚಿನ ಮಕ್ಕಳು ಆಡುವುದು ಮೊಬೈಲಿನಲ್ಲಿಯೇ. ಆದರೂ ಬೆಂಗಳೂರು, ಹೈದರಾಬಾದಿನಲ್ಲಿ ದುಡಿಯುವ ಬಂಧುಗಳ ಕೈಯಿಂದ ಹಳೆಯ ಕನ್ಸೋಲ್‌ಗಳು ಇಲ್ಲಿನ ಮನೆಗಳನ್ನೂ ಸೇರಿವೆ.

ಒಳ್ಳೆಯ ವಿಮರ್ಶಕ ಹತ್ತಾರು ತಾಸು ಕುಳಿತು ಆಟವನ್ನು ಆಡಿದ ಮೇಲೆ ಬರೆಯುತ್ತಾನೆ. ಕಥೆ ಹೇಗಿದೆ, ಯಾರಿಗೆ ಹಿಡಿಸುತ್ತದೆ, ಎಲ್ಲಿ ಬೇಸರ ತರಿಸುತ್ತದೆ, ಹಣಕ್ಕೆ ತಕ್ಕ ಬೆಲೆ ಇದೆಯೇ ಎಂದು ಕಾರಣ ಸಹಿತ ಹೇಳುತ್ತಾನೆ. ಓದುಗರು ಸುಮ್ಮನಿರುವುದಿಲ್ಲ, 'ನಿಮ್ಮ ಮಾತು ಒಪ್ಪುವುದಿಲ್ಲ' ಎಂದು ಬರೆಯುತ್ತಾರೆ. ಆತ ಉತ್ತರಿಸುತ್ತಾನೆ. ಜಪಾನಿನಲ್ಲಿ 1986ರಲ್ಲಿ ಆರಂಭವಾದ, ಈಗ ಫಾಮಿತ್ಸು ಎಂದು ಹೆಸರಾದ ಪತ್ರಿಕೆ ಇದಕ್ಕೊಂದು ಸೊಗಸಾದ ಪದ್ಧತಿ ಮಾಡಿಕೊಂಡಿತು. ಒಂದೇ ಆಟವನ್ನು ನಾಲ್ವರು ಆಡಿ, ನಾಲ್ವರೂ ಬೇರೆ ಬೇರೆಯಾಗಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಒಬ್ಬನ ರುಚಿಯೇ ಅಂತಿಮ ತೀರ್ಪಾಗಬಾರದು ಎಂಬ ವಿವೇಕ ಅದರಲ್ಲಿದೆ. 40ಕ್ಕೆ 40 ಅಂಕ ಮೊದಲ ಬಾರಿಗೆ ಒಂದು ಆಟಕ್ಕೆ ಸಿಕ್ಕಿದ್ದು 1998ರಲ್ಲಿ.

ಆದರೆ ಅಂಕಗಳಿಗೊಂದು ದೋಷವಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ನೋಡಿ ಮಗುವಿನ ಇಡೀ ಬದುಕನ್ನೇ ಅಳೆದುಬಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಕ ಕಣ್ಣಿಗೆ ಬಿದ್ದೊಡನೆ ಕಾರಣಗಳನ್ನು ಓದುವ ತಾಳ್ಮೆ ಹೋಗುತ್ತದೆ. 2001ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ಎಂಬ ಸಂಸ್ಥೆ ಎಲ್ಲ ವಿಮರ್ಶಕರ ಅಂಕಗಳನ್ನು ಕೂಡಿಸಿ ನೂರಕ್ಕೆ ಇಷ್ಟೆಂದು ಒಂದೇ ಸಂಖ್ಯೆಯಾಗಿ ಕೊಡುತ್ತದೆ. 2010ರಲ್ಲಿ ಬಂದ 'ಫಾಲ್‌ಔಟ್: ನ್ಯೂ ವೆಗಾಸ್' ಆಟವನ್ನು ತಯಾರಿಸಿದವರಿಗೆ 85 ಅಂಕ ಬಂದರೆ ಬೋನಸ್ ಎಂಬ ಷರತ್ತಿತ್ತು. ಬಂದದ್ದು 84. ಒಂದು ಅಂಕಕ್ಕಾಗಿ ಬೋನಸ್ ಕೈತಪ್ಪಿತೆಂದು ಆ ಸಂಸ್ಥೆಯ ಸ್ಥಾಪಕರಲ್ಲೊಬ್ಬರು 2012ರಲ್ಲಿ ತಿಳಿಸಿದರು. ಅನೇಕರ ದುಡಿಮೆಯನ್ನು ಒಂದು ಸಂಖ್ಯೆ ನುಂಗಿದ ಕಥೆ ಇದು.

ಇನ್ನೊಂದು ಸಂಖ್ಯೆ ಡಿಸ್ಕಿನ ಪೆಟ್ಟಿಗೆಯ ಮೂಲೆಯಲ್ಲಿರುತ್ತದೆ. ಆಟಗಳಲ್ಲಿನ ಹಿಂಸೆಯ ಬಗ್ಗೆ ಅಮೆರಿಕದ ಸೆನೆಟ್ 1993ರಲ್ಲಿ ವಿಚಾರಣೆ ನಡೆಸಿದ ಮೇಲೆ, 1994ರಲ್ಲಿ ಅಲ್ಲಿ ವಯಸ್ಸಿನ ವರ್ಗೀಕರಣ ಆರಂಭವಾಯಿತು. ಯುರೋಪಿನಲ್ಲಿ 2003ರಿಂದ 3, 7, 12, 16, 18 ಎಂಬ ಗುರುತುಗಳು ಜಾರಿಗೆ ಬಂದವು. ಇವು ಆಟದ ಗುಣಕ್ಕೆ ಕೊಟ್ಟ ಅಂಕಗಳಲ್ಲ ಎಂಬುದನ್ನು ತಂದೆತಾಯಿಗಳು ತಿಳಿದಿರಬೇಕು. ಆ ವಯಸ್ಸಿಗಿಂತ ಕಿರಿಯರು ನೋಡಬಾರದ್ದು ಒಳಗಿದೆ ಎಂಬ ಎಚ್ಚರಿಕೆ ಅಷ್ಟೇ. ಕೊಳ್ಳುವಾಗ ಪೆಟ್ಟಿಗೆಯನ್ನು ತಿರುಗಿಸಿ ಅದನ್ನೊಮ್ಮೆ ನೋಡಿಕೊಳ್ಳುವುದು ನಮ್ಮ ಕನಿಷ್ಠ ಕರ್ತವ್ಯ.

ನಮ್ಮ ನೆರೆಯ ಮಸ್ಕಿ ಒಂದು ಸಂಗತಿಗೆ ಲೋಕಪ್ರಸಿದ್ಧವಾಗಿದೆ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ ಇತ್ತು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಕಂಡಿತು. ಬಿರುದಿನ ಹಿಂದಿದ್ದ ಮನುಷ್ಯನ ಗುರುತು ಅಲ್ಲಿ ಖಚಿತವಾಯಿತು. 'ವಿಡಿಯೋ ಗೇಮ್' ಎಂಬುದೂ ಅಂಥದೊಂದು ಸಾಮಾನ್ಯ ಪದ. ಚೆಂಡಾಟ, ಒಗಟು, ಯುದ್ಧ, ಪುಣೆಯ ತರುಣರು 2020ರಲ್ಲಿ ಹೊರತಂದ, ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆಯಾದ 'ರಾಜಿ', ಎಲ್ಲವೂ ಆ ಪದದೊಳಗಿವೆ. ನಿಮ್ಮ ಮಗು ಆಡುತ್ತಿರುವ ಆಟದ ಹೆಸರೇನು? ಇದನ್ನು ಕೇಳುವಲ್ಲಿಂದಲೇ ವಿವೇಚನೆ ಆರಂಭವಾಗುತ್ತದೆ.

ನನಗೆ ತಿಳಿದ ಒಂದು ಕುಟುಂಬದ ವಿಷಯವನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತೇನೆ. ತಂದೆ ಅಕ್ಕಿ ಗಿರಣಿಯೊಂದರ ಲಾರಿ ಚಾಲಕರು. ಮಗ ಹತ್ತನೆಯ ತರಗತಿ, ಮಗಳು ಮೂರನೆಯದು. ಬೆಂಗಳೂರಿನಲ್ಲಿರುವ ಸೋದರಮಾವ ತಾನು ಬಳಸಿದ ಪ್ಲೇಸ್ಟೇಷನ್ನನ್ನು ಹುಡುಗನಿಗೆ ಕೊಟ್ಟಿದ್ದರು. ಒಂದು ಸಂಜೆ ತಾಯಿ ನನ್ನ ಬಳಿ ಬಂದು, "ಫಾದರ್, ನೀವೇ ಹೇಳ್ರಿ. ಅವನ ಅಪ್ಪ ಅದನ್ನ ಮಾರಿಬಿಡ್ತೀನಿ ಅಂತಾರ, ಇವನು ಊಟ ಬಿಡ್ತೀನಿ ಅಂತಾನ. ಅಪ್ಪ ಮಗ ಮಾತು ಬಿಟ್ಟು ವಾರ ಆತು" ಎಂದು ಕಣ್ಣೀರಿಟ್ಟರು.

ಹುಡುಗನನ್ನು ಕರೆಸಿ ಮಾತನಾಡಿಸಿದೆ. ಅವನು ಆಡುತ್ತಿದ್ದುದು 2018ರಲ್ಲಿ ಬಂದ 'ಗಾಡ್ ಆಫ್ ವಾರ್'. ಯಾವ ವಿಮರ್ಶಕ ಅದಕ್ಕೆ ಎಷ್ಟು ಅಂಕ ಕೊಟ್ಟಿದ್ದಾನೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. "ಅವರ ಮಾತಿರಲಿ, ನಿನ್ನ ವಿಮರ್ಶೆಯನ್ನು ಒಂದು ಪುಟ ಬರೆದುಕೊಂಡು ಬಾ. ಏನು ಚೆನ್ನಾಗಿದೆ, ಏನು ಚೆನ್ನಾಗಿಲ್ಲ, ಯಾರು ಆಡಬಾರದು, ಆಡಿ ಮುಗಿಸಿದ ಮೇಲೆ ನಿನ್ನ ಮನಸ್ಸು ಹೇಗಿರುತ್ತದೆ ಎಂದು ಬರೆ" ಎಂದೆ. "ಎಷ್ಟಕ್ಕೆ ಎಷ್ಟು ಮಾರ್ಕ್ಸ್ ಕೊಡಬೇಕ್ರಿ?" ಎಂದು ಕೇಳಿದ. ಅಂಕ ಬೇಡ, ಕಾರಣ ಮಾತ್ರ ಸಾಕು ಎಂದೆ.

ಮುಂದಿನ ಭಾನುವಾರ ಬಲಿಪೂಜೆಯ ನಂತರ ಅವನು ತಂದ ಪುಟದಲ್ಲಿ ಚಿತ್ರಗಳ ಸೊಬಗಿನ ವರ್ಣನೆ ಇತ್ತು. ರಕ್ತಪಾತ ಅತಿಯಾಯಿತು, ತಂಗಿ ಕೋಣೆಯಲ್ಲಿದ್ದಾಗ ಹಾಕಬಾರದು ಎಂದಿತ್ತು. ಎರಡು ತಾಸು ಆಡಿದ ಮೇಲೆ ಅಮ್ಮ ಕರೆದರೆ ಸಿಟ್ಟು ಬರುತ್ತದೆ, ಯಾಕೆಂದು ತಿಳಿಯುವುದಿಲ್ಲ ಎಂದಿತ್ತು. ಕೊನೆಯಲ್ಲಿ ಕಥೆಯ ಮಾತು ಬಂದಿತ್ತು. ತಾಯಿ ತೀರಿಕೊಂಡಿದ್ದಾಳೆ; ಅವಳ ಚಿತಾಭಸ್ಮವನ್ನು ಅತ್ಯಂತ ಎತ್ತರದ ಶಿಖರಕ್ಕೆ ಒಯ್ಯಲು ತಂದೆ ಮಗ ಹೊರಟಿದ್ದಾರೆ. ತಂದೆ ಬಲಶಾಲಿ, ಆದರೆ ಮಾತು ಬಾರದವನು. ಮಗನನ್ನು ಹೆಚ್ಚಾಗಿ 'ಹುಡುಗಾ' ಎಂದೇ ಕರೆಯುತ್ತಾನೆ. 'ಅವರು ಯಾವಾಗ ಸರಿಯಾಗಿ ಮಾತನಾಡುತ್ತಾರೆ ಎಂದು ನೋಡಲಿಕ್ಕೇ ನಾನು ಆಡುತ್ತೇನೆ' ಎಂದು ಅವನು ಬರೆದಿದ್ದ.

ಅವನನ್ನು ಕೇಳಿ, ಅಂಗಳದಲ್ಲಿ ನಿಂತಿದ್ದ ತಂದೆಯ ಕೈಗೆ ಆ ಹಾಳೆಯನ್ನು ಕೊಟ್ಟೆ. ಅವರು ನಿಧಾನವಾಗಿ ಎರಡು ಸಲ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗನ ಹೆಸರೇನು?" ಎಂದು ಮಗನನ್ನು ಕೇಳಿದರು. "ಅಟ್ರಿಯಸ್" ಎಂದ. ಅಂದು ಅವರ ನಡುವೆ ನಡೆದ ಮಾತು ಅಷ್ಟೇ. ಆದರೆ ಒಂದು ವಾರದ ಮೌನ ಮುರಿದಿತ್ತು.

ಆ ಪೆಟ್ಟಿಗೆಯ ಮೇಲೆ 18 ಎಂಬ ಗುರುತಿತ್ತು. ಕಥೆಯಲ್ಲಿ ಒಳ್ಳೆಯದಿದೆ ಎಂಬುದು ಆ ಎಚ್ಚರಿಕೆಯನ್ನು ಅಳಿಸಲಾರದು, ಹದಿನೈದರ ಹುಡುಗನ ಕೈಯಲ್ಲಿ ಅದು ಇರಬಾರದು ಎಂದು ನಾನು ಸ್ಪಷ್ಟವಾಗಿ ಹೇಳಿದೆ. ಹುಡುಗನಿಗೆ ಅದು ರುಚಿಸಲಿಲ್ಲ. ಆದರೆ ಯಾರು ಆಡಬಾರದೆಂದು ತಾನೇ ಬರೆದವನು ಪೂರ್ತಿ ವಾದಿಸಲಾರದೆ ಹೋದ. "ಹದಿನೆಂಟು ತುಂಬಿದ ಮೇಲೆ ವಾಪಸ್ ಕೊಡ್ತೀರೇನು?" ಎಂದು ತಂದೆಯನ್ನು ಕೇಳಿದ. "ಕೊಡ್ತೀನಿ" ಎಂದರು. ಆ ಡಿಸ್ಕ್ ಈಗ ತಂದೆಯ ಟ್ರಂಕಿನಲ್ಲಿದೆ. ಪೆಟ್ಟಿಗೆಯನ್ನು ಮಾರಲಿಲ್ಲ, ಶನಿವಾರ ರಾತ್ರಿ ಒಂದು ತಾಸು ಬೇರೆ ಆಟ ನಡೆಯುತ್ತದೆ, ಲಾರಿ ಊರಲ್ಲಿದ್ದ ದಿನ ತಂದೆಯೂ ಪಕ್ಕದಲ್ಲಿ ಕೂರುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಈ ಒಪ್ಪಂದ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆಯೋ ನೋಡಬೇಕು.

ನಾನು ಆ ಹುಡುಗನಿಗೆ ಕೇಳಿದ ಕೊನೆಯ ಪ್ರಶ್ನೆ ನನ್ನ ಸ್ವಂತದ್ದಲ್ಲ. ಗುರುಮಠದ ದಿನಗಳಲ್ಲಿ ಲೊಯೋಲದ ಸಂತ ಇಗ್ನೇಷಿಯಸರಿಂದ ಕಲಿತದ್ದು. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದುಕೊಂಡು ಅವರು ಹಾಸಿಗೆ ಹಿಡಿದಿದ್ದರು. ಹೊತ್ತು ಕಳೆಯಲು ವೀರಯೋಧರ ಕಥೆಗಳನ್ನು ಬೇಡಿದರು. ಆ ಮನೆಯಲ್ಲಿ ಅವು ಸಿಗಲಿಲ್ಲ; ಕ್ರಿಸ್ತಚರಿತ್ರೆಯೂ ಸಂತರ ಜೀವನಗಳೂ ಸಿಕ್ಕವು. ಶೌರ್ಯದ ಕನಸು ಕಾಣುವಾಗ ಅವರಿಗೆ ಸುಖವೆನಿಸುತ್ತಿತ್ತು, ಸಂತರಂತೆ ಬಾಳುವ ಯೋಚನೆಯೂ ಸುಖ ಕೊಡುತ್ತಿತ್ತು. ವ್ಯತ್ಯಾಸ ಕಂಡದ್ದು ಆಮೇಲೆ. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬರಿದಾಗುತ್ತಿತ್ತು; ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ಒಂದು ಗಮನಿಕೆಯಿಂದಲೇ ಅವರ ವಿವೇಚನೆಯ ಮಾರ್ಗ ಹುಟ್ಟಿತು. ಆಡುವಾಗ ಎಲ್ಲ ಆಟವೂ ಹಿತವೇ. ಟಿವಿ ಆರಿಸಿದ ಮೇಲೆ ಉಳಿಯುವುದೇನು? ಮರವನ್ನು ಫಲದಿಂದ ಅರಿಯಬೇಕೆಂದು ಪ್ರಭು ಕಲಿಸಿದ್ದೂ ಇದನ್ನೇ ಅಲ್ಲವೇ?

2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಅವರು ಸಂತರೆಂದು ಘೋಷಿಸಿದ ಕಾರ್ಲೋ ಅಕುಟಿಸ್ ನಮ್ಮ ಮಕ್ಕಳಿಗೆ ಹತ್ತಿರದವರು. 2006ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡ ಈ ಬಾಲಕನ ಬಳಿ ಪ್ಲೇಸ್ಟೇಷನ್ ಇತ್ತು. ವಾರಕ್ಕೆ ಒಂದು ತಾಸು ಎಂದು ತಾನೇ ಮಿತಿ ಹಾಕಿಕೊಂಡಿದ್ದರು. ಹೊರಗಿನಿಂದ ಹೇರಿದ ನಿಷೇಧ ತಂದೆಯ ಲಾರಿ ಊರು ಬಿಡುವವರೆಗೆ ಮಾತ್ರ ನಡೆಯುತ್ತದೆ. ಒಳಗೆ ಹುಟ್ಟಿದ ಮಿತಿ ಹಾಸ್ಟೆಲಿಗೂ ಬೆಂಗಳೂರಿಗೂ ಮಗುವಿನ ಜೊತೆ ಹೋಗುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಆಟವನ್ನು ನಿಲ್ಲಿಸುವ ಶಕ್ತಿಯೇ ಹೋಗಿ, ಊಟ ನಿದ್ರೆ ಓದು ಎಲ್ಲಕ್ಕಿಂತ ಅದೇ ಮುಖ್ಯವಾಗಿ, ಹಾನಿ ಕಂಡರೂ ಮುಂದುವರಿಯುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿ 2014ರಲ್ಲಿಯೇ ವಿಶೇಷ ಚಿಕಿತ್ಸಾಲಯ ತೆರೆದಿದೆ. ಅಲ್ಲಿಗೆ ಹೋಗುವುದು ನಾಚಿಕೆಯ ವಿಷಯವಲ್ಲ. ಇನ್ನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಜೂಜಿನ ದಾರಿ. ಅವುಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅವುಗಳ ವಿಷಯದಲ್ಲಿ ವಿಮರ್ಶೆಯ ಅಗತ್ಯವೇ ಇಲ್ಲ.

2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಪೋಪ್ 16ನೇ ಬೆನೆಡಿಕ್ಟರು ಹಿಂಸೆಯನ್ನು ವೈಭವೀಕರಿಸುವ ವಿಡಿಯೋ ಗೇಮ್‌ಗಳನ್ನು ಹೆಸರಿಸಿಯೇ ಖಂಡಿಸಿದ್ದರು. ಅದರ ಜೊತೆಗೆ, ಮಕ್ಕಳಿಗೆ ಆರಿಸಿಕೊಳ್ಳುವ ವಿವೇಕವನ್ನು ಕಲಿಸುವ ಹೊಣೆ ಮೊದಲು ತಂದೆತಾಯಿಗಳದ್ದೆಂದೂ ನೆನಪಿಸಿದ್ದರು. ಆ ಕಲಿಕೆಗೆ ಕಂಪ್ಯೂಟರ್ ಜ್ಞಾನ ಬೇಕಿಲ್ಲ. ಈ ವಾರ ಜಪಸರದ ನಂತರ ಹತ್ತು ನಿಮಿಷ ನಿಮ್ಮ ಮಗುವಿನ ಪಕ್ಕದಲ್ಲಿ ಕುಳಿತು ಕೇಳಿರಿ: ಆಟದ ಹೆಸರೇನು? ಅದರಲ್ಲಿ ನಿನಗೆ ಹಿಡಿಸಿದ್ದೇನು, ಯಾಕೆ? ನಿನ್ನ ತಂಗಿ ಅದನ್ನು ಆಡಬಹುದೇ? ಆಡಿ ಮುಗಿಸಿದ ಮೇಲೆ ಮನಸ್ಸು ಹೇಗಿರುತ್ತದೆ? ಉತ್ತರ ಬರುವವರೆಗೆ ನಡುವೆ ಬಾಯಿ ಹಾಕಬೇಡಿ. ಎಲ್ಲವನ್ನೂ ಪರೀಕ್ಷಿಸಿ ನೋಡಬೇಕೆಂದು ಸಂತ ಪೌಲರು ಥೆಸಲೋನಿಕದ ಸಭೆಗೆ ಹೇಳಿಕಳುಹಿಸಿದ ಬುದ್ಧಿಮಾತು ನಮ್ಮ ಮಕ್ಕಳಿಗೂ ಸಲ್ಲುತ್ತದೆ. ಪರೀಕ್ಷಿಸುವ ಅವಕಾಶವನ್ನು ಅವರಿಗೆ ಕೊಡೋಣ, ಪರೀಕ್ಷಿಸುವಾಗ ಜೊತೆಯಲ್ಲಿರೋಣ.